ಕೆಟ್ಟದಾಗಿ ನಡೆದುಕೊಂಡವರನ್ನು ಅರ್ಥ ಮಾಡಿಕೊಳ್ಳಬೇಕಾ?

ಪ್ರಶ್ನೆ: ನಮ್ಮ ಆಫೀಸಿನಲ್ಲಿ ಒಬ್ಬರು ಎಲ್ಲರ ಮೇಲೂ ಹರಿಹಾಯುತ್ತಾರೆ. ಮೊನ್ನೆ ಹೊಸ ಹುಡುಗಿಯ ಕೈಯಿಂದ ಫೈಲ್ ಕಿತ್ತುಕೊಂಡು ಮೇಜಿನ ಮೇಲೆ ಕುಕ್ಕಿದರು. ಆಮೇಲೆ ನಾವು ನಾಲ್ಕು ಜನ ಕೂತು ಒಂದು ಗಂಟೆ ಅವರನ್ನು ಆಡಿಕೊಂಡೆವು, ನಿಜ ಹೇಳಬೇಕೆಂದರೆ ಮಜಾ ಬಂತು. ಈಗ ಯಾಕೋ ಕಸಿವಿಸಿ. ನಾವೇನು ಭಾರಿ ಒಳ್ಳೆಯವರಾ?

ಉತ್ತರ 1: ಆ ಮಜಾನೇ ನೋಡಿ ಅಪಾಯ. ನಾನು ತಡವಾಗಿ ಬಂದರೆ ಟ್ರಾಫಿಕ್, ನೀವು ಬಂದರೆ ಸೋಮಾರಿ, ಅಲ್ವಾ? 1973ರಲ್ಲಿ ಡಾರ್ಲಿ ಮತ್ತು ಬ್ಯಾಟ್ಸನ್ ಎಂಬ ಮನಶ್ಶಾಸ್ತ್ರಜ್ಞರ ಒಂದು ಪ್ರಯೋಗ ಪ್ರಕಟವಾಯಿತು. ಪಾದ್ರಿಯಾಗಲು ಓದುತ್ತಿದ್ದವರ ದಾರಿಯಲ್ಲಿ ಒಬ್ಬ ಕುಸಿದು ಕೂತಿದ್ದ. ಅವಸರವಿಲ್ಲದವರಲ್ಲಿ ಶೇ. 63 ಜನ ನೆರವಾದರು, ತೀರಾ ಅವಸರದಲ್ಲಿದ್ದವರಲ್ಲಿ ಬರೀ ಶೇ. 10. ಅಂದರೆ ನಡತೆಗೆ ಗುಣವಷ್ಟೇ ಅಲ್ಲ, ಸಂದರ್ಭವೂ ಕಾರಣ; ನಿಮ್ಮ ಆಫೀಸಿನವರ ವಿಷಯದಲ್ಲೂ ಹಾಗೇ ಇರಬಹುದು.

ಉತ್ತರ 2: ಒಪ್ಪಿದೆ, ಆದರೆ ಅವಸರ ಇತ್ತು ಅಂತ ಫೈಲ್ ಕಿತ್ತಿದ್ದು ಸರಿಯಾಗಲ್ಲ. ಮುಖಕ್ಕೇ ಹೇಳಿ, "ಇದು ತಪ್ಪು" ಅಂತ. ಬೆನ್ನ ಹಿಂದೆ ಆಡಿಕೊಳ್ಳುವುದು ಸುಲಭ (ನಾನೂ ಮಾಡಿದ್ದೇನೆ, ಬಿಡಿ). ಅಂದಹಾಗೆ, ಆ ಹುಡುಗಿಯನ್ನು ಯಾರಾದರೂ ಮಾತಾಡಿಸಿದಿರಾ?

ಪ್ರಶ್ನೆ ಕೇಳಿದವರು: ಇಲ್ಲ. ಅವಳು ಆ ಒಂದು ಗಂಟೆ ಒಬ್ಬಳೇ ಕೂತಿದ್ದಳು. ಈಗ ಹೊಳೆಯಿತು.