ಊರು ‘ಹಿಗ್ಗಿತು’ ಅನ್ನಬಹುದೇ? ಆಟದ ಪೇಸಿಂಗ್‌ಗೆ ‘ಹದ’ ಒಗ್ಗುತ್ತದೆಯೇ?

ಊರು ಕಟ್ಟುವ ಒಂದು ಫ್ಯಾಂಟಸಿ ಆಟದ ಸೂಚನೆಗಳನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮೂರು ಮಾತುಗಳ ಹತ್ತಿರ ಕೈ ನಿಂತಿದೆ: ಎಕ್ಸ್‌ಪ್ಲೊರೇಶನ್, ಎಕ್ಸ್‌ಪಾನ್ಶನ್, ಪೇಸಿಂಗ್ (ಯಾವುದು ಯಾವಾಗ, ಎಷ್ಟು ಬೇಗ ಆಗಬೇಕು ಅನ್ನುವುದು). ನಿಘಂಟಿನಲ್ಲಿ ಅನ್ವೇಷಣೆ, ವಿಸ್ತರಣೆ, ಗತಿ ಅಂತ ಸಿಗುತ್ತವೆ. ತಪ್ಪೇನಿಲ್ಲ. ಆದರೆ ಆಡುತ್ತಾ ಕೂತವರ ಬಾಯಲ್ಲಿ ಇವು ಬರುವುದಿಲ್ಲ, ಅಲ್ವಾ?

ಜಾಗ ಕಾಣುವುದು ಬೇರೆ, ಜಾಗ ನಮ್ಮದಾಗುವುದು ಬೇರೆ. ‘ನಾರ್ತ್‌ಗಾರ್ಡ್’ ಆಡಿದವರಿಗೆ ಇದು ಗೊತ್ತು. ಮೊದಲು ಸ್ಕೌಟ್, ಅಂದರೆ ಮುಂದೆ ಹೋಗಿ ನೋಡಿ ಬರುವವನು, ಹೋಗಿ ಪಕ್ಕದ ಜಾಗ ನೋಡಬೇಕು. ಆಮೇಲೆ ಆಹಾರ ತೆತ್ತು ಅದನ್ನು ಸೇರಿಸಿಕೊಳ್ಳಬೇಕು. ಜಾಗ ಸೇರುತ್ತಾ ಹೋದಂತೆ ಮುಂದಿನದರ ಬೆಲೆ ಏರುತ್ತದೆ. 2023ರಲ್ಲಿ ಪೂರ್ತಿಯಾಗಿ ಹೊರಬಂದ ‘ಅಗೇನ್ಸ್ಟ್ ದ ಸ್ಟಾರ್ಮ್’ ಆಟದಲ್ಲಿ ದಾರಿಯೇ ಬೇರೆ. ಮರ ಕಡಿಯುವವರು ಅಡ್ಡ ಇದ್ದ ಮರ ಉರುಳಿಸಿದರೆ ಆಚೆಗಿನ ಬಯಲು ತೆರೆದುಕೊಳ್ಳುತ್ತದೆ. ಒಳಗೆ ಏನಿತ್ತು ಅಂತ ಆಗಲೇ ಕಾಣುವುದು. ಆದರೆ ಬಯಲು ತೆರೆದಷ್ಟೂ ಕಾಡಿನ ಹಗೆ ಹೆಚ್ಚುತ್ತದೆ. ಅಲ್ಲಿ ಬೆಲೆ ತಡೆಯುತ್ತದೆ, ಇಲ್ಲಿ ಭಯ ತಡೆಯುತ್ತದೆ.

ಈ ಎರಡನೇ ಆಟ ಆಡುವಾಗಲೇ ನನಗೆ ‘ಬಯಲಾಗು’ ಹೊಳೆದದ್ದು. ಬಯಲು ಅಂದರೆ ತೆರೆದ ನೆಲ. ಬಯಲಾಯಿತು ಅಂದರೆ ಮುಚ್ಚಿದ್ದು ಹೊರಬಿತ್ತು. ಮರ ಬಿದ್ದ ಆ ಗಳಿಗೆಯಲ್ಲಿ ಎರಡೂ ಒಟ್ಟಿಗೇ ಆಗುತ್ತದೆ! ‘ಹೊಸ ಜಾಗ ಬಯಲಾಯಿತು’ ಅಂತ ಪರದೆಯ ಮೇಲೆ ಬಂದರೆ ಎಷ್ಟು ಚೆನ್ನ. ‘ಹಗರಣ ಬಯಲಾಯಿತು’ ಅಂತ ಓದಿ ಓದಿ ಈ ಪದಕ್ಕೆ ಸ್ವಲ್ಪ ಕಳಂಕ ಅಂಟಿದೆ, ನಿಜ. ಆಟದಲ್ಲಿ ಅದು ತೊಳೆದುಹೋಗುತ್ತದೆ ಅಂತ ನನ್ನ ನಂಬಿಕೆ.

ಜಾಗ ಸೇರಿಸಿಕೊಳ್ಳುವುದಕ್ಕೆ ‘ಒತ್ತುವರಿ’ ಬೇಡವೇ ಬೇಡ, ಅದರಲ್ಲಿ ಅಪರಾಧವಿದೆ. ‘ಹಬ್ಬು’ ಬಳ್ಳಿಗೆ ಸರಿ, ತಾನಾಗಿ ಆಗುವಂಥದ್ದು. ನನ್ನ ಮನಸ್ಸು ‘ಹಿಗ್ಗು’ ಕಡೆಗಿದೆ. ಹಿಗ್ಗುವುದು ಅಂದರೆ ದೊಡ್ಡದಾಗುವುದು, ಖುಷಿಪಡುವುದು ಎರಡೂ ಹೌದು. ಎದುರುಪದವೂ ಸಿದ್ಧ ಇದೆ: ಜಾಗ ಕಳೆದುಕೊಂಡರೆ ಊರು ‘ಕುಗ್ಗುತ್ತದೆ’, ಆಡುವವರೂ ಕುಗ್ಗುತ್ತಾರೆ.

ನಿಜವಾದ ತೊಡಕು ಪೇಸಿಂಗ್‌ನದು. ‘ವೇಗ’ ಅಂದರೆ ಎಷ್ಟು ಬೇಗ ಅನ್ನುವುದಷ್ಟೇ. ‘ಆಟದ ಗತಿ’ ಅಂದರೆ ‘ಅಯ್ಯೋ, ಏನು ಗತಿ ಬಂತು’ ಅನ್ನಿಸುತ್ತದೆ. ಮಣ್ಣಿಗೂ ಪಾಕಕ್ಕೂ ಹೇಳುವ ‘ಹದ’ ನನಗೆ ಹತ್ತಿರ ಕಾಣುತ್ತದೆ. ಮೊನ್ನೆ ಆಸೆಗೆ ಬಿದ್ದು ಒಂದರ ಹಿಂದೆ ಒಂದು ಎರಡು ಬಯಲು ತೆರೆದೆ. ಕಟ್ಟಲು ಹಲಗೆ ಇಲ್ಲ, ಜನರಿಗೆ ಊಟ ಸಾಲದು, ಒಬ್ಬೊಬ್ಬರೇ ಊರು ಬಿಟ್ಟರು. ‘ಹದ ತಪ್ಪಿತು’ ಅಂತ ಬಾಯಿಂದ ತಾನಾಗಿ ಬಂತು. ಹುಡುಕಿ ತಂದ ಪದ ಹಾಗೆ ಬರುವುದಿಲ್ಲ.

ಆದರೂ ಒಂದು ಅನುಮಾನ ಉಳಿದಿದೆ. ಹದ ಒಂದು ಸ್ಥಿತಿ. ಪೇಸಿಂಗ್ ಹೊತ್ತಿನ ಜೊತೆ ಸಾಗುವಂಥದ್ದು. ಸಿನಿಮಾ ಬಗ್ಗೆ ಬರೆಯುವವರು ‘ಕಥೆಯ ಓಟ’ ಅನ್ನುತ್ತಾರೆ. ಹಾಗಾದರೆ ‘ಓಟದ ಹದ’ ಅನ್ನೋಣವೇ, ಅಥವಾ ಸುಮ್ನೆ ‘ಹದ’ ಸಾಕೇ? ಇನ್ನೊಂದು, ಸ್ಕೌಟ್‌ಗೆ ‘ಬೇಹಿನವನು’ ಅಂದರೆ ಶತ್ರುವಿನ ವಾಸನೆ ಬರುತ್ತದೆ. ಇಲ್ಲಿ ಅವನು ಹೋಗುವುದು ಯಾರೂ ಇಲ್ಲದ ಕಾಡಿಗೆ. ಅವನನ್ನು ನೀವಾದರೆ ಏನೆಂದು ಕರೆಯುತ್ತೀರಿ?