ಜೆಸಿ-1: ಎಲ್‌ಪಿಎಸ್ ಕೊಡದ ಕೋಶಗಳಲ್ಲೂ ಕೆಂಪು ಕಡಿಮೆ, ಯಾಕೆ?

ಕಡಲಕರೆ (ಕಾರವಾರ):
ರಾ 264.7 ಮ್ಯಾಕ್ರೋಫೇಜ್ (ಇಲಿಯ ರೋಗನಿರೋಧಕ ಕೋಶ), ಮಿಲಿಲೀಟರಿಗೆ 100 ನ್ಯಾನೊಗ್ರಾಂ ಎಲ್‌ಪಿಎಸ್ (ಉರಿಯೂತ ಎಬ್ಬಿಸುವ ಬ್ಯಾಕ್ಟೀರಿಯಾದ ಅಂಶ), 24 ತಾಸು. ಆಮೇಲೆ 2 ಮೈಕ್ರೊಮೋಲಾರ್ ಜೆಸಿ-1 (ಮೈಟೊಕಾಂಡ್ರಿಯಾದ ಪೊರೆಯ ವಿಭವ, ಅಂದರೆ ವೋಲ್ಟೇಜು, ಹೆಚ್ಚಿದ್ದರೆ ಕೆಂಪು, ಕಡಿಮೆಯಿದ್ದರೆ ಹಸಿರು ಹೊಳೆಯುವ ಬಣ್ಣ), 37 ಡಿಗ್ರಿಯಲ್ಲಿ 20 ನಿಮಿಷ. ಕಂಟ್ರೋಲ್‌ನಲ್ಲೂ ಕೆಂಪು-ಹಸಿರು ಅನುಪಾತ ಕಡಿಮೆ. ಕೋಶಗಳ ಹೊರಗೆ ಕೆಂಪು ಚುಕ್ಕಿಗಳು ಕಾಣುತ್ತಿವೆ. ಫಾರ್ಮಾಲಿನ್ ಹಾಕಿಟ್ಟು ಮರುದಿನ ಓದಿದರೆ ನಡೆಯುತ್ತದೆಯೇ?

ಘಟ್ಟದಮೇಲೆ (ಶಿರಸಿ):
ಹೊರಗಿನ ಚುಕ್ಕಿ ಎಂದರೆ ಬಣ್ಣ ಕರಗದೆ ತಳಕಟ್ಟಿದೆ. ಡಿಎಂಎಸ್‌ಒ (ಬಣ್ಣ ಕರಗಿಸುವ ದ್ರಾವಕ) ಗಾಳಿಯ ತೇವ ಹೀರುತ್ತದೆ, ಕಾರವಾರದ ಮಳೆಗಾಲದಲ್ಲಂತೂ ಕೇಳುವುದೇ ಬೇಡ. ಬಣ್ಣದ ಸ್ಟಾಕನ್ನು ಸಣ್ಣ ಪಾಲು ಮಾಡಿ ಮೈನಸ್ 20ರಲ್ಲಿಡಿ. ಟ್ಯೂಬು ಕೋಣೆಯ ಬಿಸಿಗೆ ಬಂದ ಮೇಲೆಯೇ ಮುಚ್ಚಳ ತೆಗೆಯಿರಿ, ಇಲ್ಲವಾದರೆ ಒಳಗೆ ಬೆವರುತ್ತದೆ. 37 ಡಿಗ್ರಿಯ ಮೀಡಿಯಾಕ್ಕೆ (ಕೋಶ ಬೆಳೆಸುವ ದ್ರವ) ಅಲುಗಾಡಿಸುತ್ತಲೇ ಹನಿಸಿ. ಫಾರ್ಮಾಲಿನ್ ಬೇಡವೇ ಬೇಡ ಮಾರಾಯ್ರೇ, ಪೊರೆಯ ವಿಭವ ಜೀವಂತ ಕೋಶದಲ್ಲಷ್ಟೇ ಇರುತ್ತದೆ.

ಅಘನಾಶಿನಿ:
ಕೋಶದ ತಟ್ಟೆಯ ಒಂದು ಬಾವಿಗೆ (ಗುಳಿಗೆ) 50 ಮೈಕ್ರೊಮೋಲಾರ್ ಸಿಸಿಸಿಪಿ (ವಿಭವವನ್ನು ಇಳಿಸಿಬಿಡುವ ರಾಸಾಯನಿಕ), 5 ನಿಮಿಷ. ಅನುಪಾತ ಕುಸಿಯದಿದ್ದರೆ ಉಳಿದ ಅಂಕಿಗಳನ್ನು ನಂಬಬೇಡಿ. ನನ್ನ ಆಯ್ಕೆ ವಿಭವ ಅಳೆಯುವ ಇನ್ನೊಂದು ಬಣ್ಣ, ಟಿಎಂಆರ್‌ಎಂ, 20 ನ್ಯಾನೊಮೋಲಾರ್. ಓದುವಾಗಲೂ ಮೀಡಿಯಾದಲ್ಲಿ ಬಣ್ಣ ಇರಲಿ. ಇನ್ನೊಂದು: ಎಲ್‌ಪಿಎಸ್‌ನಿಂದ ವಿಭವ ಇಳಿಯಲೇಬೇಕೆಂದಿಲ್ಲ. ಇಲಿಯ ಮ್ಯಾಕ್ರೋಫೇಜ್‌ನಲ್ಲಿ ಎಲ್‌ಪಿಎಸ್‌ನಿಂದ ಹುಟ್ಟುವ ನೈಟ್ರಿಕ್ ಆಕ್ಸೈಡ್ ಉಸಿರಾಟದ ಸರಪಳಿಯನ್ನೇ (ಮೈಟೊಕಾಂಡ್ರಿಯಾ ಆಮ್ಲಜನಕ ಬಳಸುವ ವ್ಯವಸ್ಥೆ) ತಡೆಯುತ್ತದೆ. ಆಮ್ಲಜನಕದ ಬಳಕೆ ಕಡಿಮೆಯಾಯಿತೆಂದು ಮೈಟೊಕಾಂಡ್ರಿಯಾ ಕೆಟ್ಟಿದೆ ಎನ್ನುವ ಮೊದಲು ಐನಾಸ್ (ನೈಟ್ರಿಕ್ ಆಕ್ಸೈಡ್ ತಯಾರಿಸುವ ಕಿಣ್ವ) ತಡೆಯುವ 1400ಡಬ್ಲ್ಯೂ ಹಾಕಿದ ಬಾವಿಯೊಂದನ್ನು ಜೊತೆಗಿಡಿ.