ವಕೀಲರನ್ನು ಕೇಳಿ: ಗ್ರೀನ್ ಕಾರ್ಡ್, ವೋಟು (ಅಮೆರಿಕದಲ್ಲಿರುವ ಕನ್ನಡಿಗರ ಗುಂಪು)

ಕಿರಣ್: ಮೇಡಂ, ಗ್ರೀನ್ ಕಾರ್ಡ್ (ಇಲ್ಲೇ ಕಾಯಂ ಇರೋ ಪರವಾನಗಿ) ಇದ್ದರೆ ಅಧ್ಯಕ್ಷರ ಚುನಾವಣೆಗೆ ವೋಟ್ ಹಾಕಬಹುದಾ?

ವಕೀಲೆ ಅನುಪಮಾ: ಇಲ್ಲ.

ಸವಿತಾ: ಅಮ್ಮನಿಗೆ ಗ್ರೀನ್ ಕಾರ್ಡ್. ಐಡಿ ಮಾಡಿಸೋಕೆ ಡಿಎಂವಿಗೆ (ಡ್ರೈವಿಂಗ್ ಲೈಸೆನ್ಸ್ ಕಚೇರಿಗೆ) ಹೋದಾಗ ಕೌಂಟರಿನವರು ಏನೋ ಕೇಳಿದರಂತೆ, ಇವರು ತಲೆಯಾಡಿಸಿ ಸೈನ್ ಹಾಕಿದ್ದಾರೆ. ಆಮೇಲೆ ಮನೆಗೆ ವೋಟರ್ ಕಾರ್ಡ್ ಬಂದಿದೆ. ಈಗ ಸಿಟಿಜನ್‌ಶಿಪ್‌ಗೆ ಅರ್ಜಿ ಹಾಕಬೇಕು ಅಂತಿದ್ವಿ.

ಪ್ರಕಾಶ್: ವಾಟ್ಸಾಪಲ್ಲಿ ಬಂದಿತ್ತು. ಕಾರ್ಡ್ ಹರಿದು ಬಿಸಾಕಿ, ಸಿಟಿಜನ್‌ಶಿಪ್ ಅರ್ಜಿಯ ಎನ್-400 ಫಾರ್ಮಲ್ಲಿ ವೋಟರ್ ಆಗಿ ನೋಂದಾಯಿಸಿದ್ದೀರಾ ಅಂತ ಕೇಳಿದ ಕಡೆ 'ಇಲ್ಲ' ಅಂತ ಟಿಕ್ ಮಾಡಿ. ಯಾರೂ ನೋಡಲ್ಲ.

ಅನುಪಮಾ: ಪ್ರಕಾಶ್ ಅವರೇ, ಇಂಥದ್ದನ್ನು ಇಲ್ಲಿ ಹಾಕಬೇಡಿ. ಪ್ರಮಾಣ ಮಾಡಿ ಸುಳ್ಳು ಬರೆದರೆ ಅದೇ ಇನ್ನೊಂದು ಅಪರಾಧ.
ಸವಿತಾ, 1993ರ ಕಾನೂನು ಬಂದಮೇಲೆ ಲೈಸೆನ್ಸ್ ಕೌಂಟರಲ್ಲೇ ಮತದಾರರ ನೋಂದಣಿ ನಡೆಯುತ್ತದೆ. ಇಂಗ್ಲಿಷ್ ಅಷ್ಟಾಗಿ ಬಾರದ ಹಿರಿಯರು ಸಿಕ್ಕಿಹಾಕಿಕೊಳ್ಳುವುದು ಅಲ್ಲೇ. 'ನಾನು ಅಮೆರಿಕದ ಪ್ರಜೆ' ಅನ್ನುವ ಚೌಕಕ್ಕೆ ಗುರುತು ಬಿದ್ದಿದೆಯಾ, ಅದು ಮುಖ್ಯ. 1996ರ ಕಾನೂನಿನ ಪ್ರಕಾರ ಪ್ರಜೆ ಅಂತ ಸುಳ್ಳು ಹೇಳಿಕೊಂಡರೆ ಗ್ರೀನ್ ಕಾರ್ಡೇ ಹೋಗಬಹುದು, ಮಾಫಿ ಬಹುತೇಕ ಇಲ್ಲ. ಸೈನ್ ಮಾಡಿದ ಫಾರ್ಮಿನ ಪ್ರತಿ ತರಿಸಿ. ಪಟ್ಟಿಯಿಂದ ಹೆಸರು ತೆಗೆಸುವ ಪತ್ರವನ್ನೂ ವಕೀಲರಿಗೆ ತೋರಿಸಿಯೇ ಕಳಿಸಿ. ಅಲ್ಲಿವರೆಗೆ ಎನ್-400 ಬೇಡ, ಊರಿಗೆ ಹೋಗಿಬರುವುದೂ ಬೇಡ. ಅಮ್ಮ ವೋಟ್ ಹಾಕಿದ್ದಾರಾ?

ರಘು: ಹನ್ನೆರಡು ವರ್ಷದಿಂದ ಎಚ್-1ಬಿ ಕೆಲಸದ ವೀಸಾದಲ್ಲೇ ಇದ್ದೀನಿ. ಟ್ಯಾಕ್ಸ್ ಕಟ್ಟೋಕೆ ಬೇಕು, ವೋಟಿಗೆ ಬೇಡ!

ಅನುಪಮಾ: ಗ್ರೀನ್ ಕಾರ್ಡಿನವರು ಅಭ್ಯರ್ಥಿಗೆ ದೇಣಿಗೆ ಕೊಡಬಹುದು, ವೋಟಿಲ್ಲ. ನಿಮಗೆ ಎರಡೂ ಇಲ್ಲ. ಜನಗಣತಿಯಲ್ಲಿ ನಿಮ್ಮ ತಲೆಯನ್ನೂ ಎಣಿಸಿಯೇ ರಾಜ್ಯಗಳಿಗೆ ಸಂಸತ್ತಿನ ಕೆಳಮನೆಯ ಸೀಟು ಹಂಚುತ್ತಾರೆ.

ರಘು: ಲೆಕ್ಕಕ್ಕುಂಟು, ಆಟಕ್ಕಿಲ್ಲ.

ಮಂಜುಳಾ: ಆಟಕ್ಕಿರೋರೂ ಆಡ್ತಿಲ್ಲ. ನಮ್ಮ ಮೋಟೆಲಲ್ಲಿ ರೂಮ್ ಕ್ಲೀನ್ ಮಾಡೋ ಇಬ್ಬರೂ ಸಿಟಿಜನ್. ಚುನಾವಣೆ ಮಂಗಳವಾರ, ರಜೆ ಇಲ್ಲ, ಗಂಟೆ ಲೆಕ್ಕದ ಕೂಲಿ. ಕ್ಯೂ ಬಿಟ್ಟು ಶಿಫ್ಟಿಗೆ ಓಡಿ ಬರ್ತಾರೆ.

ರಘು: ಚುನಾವಣೆ ದಿನಕ್ಕೆ ಮೊದಲೇ ಹಾಕೋ ಅರ್ಲಿ ವೋಟಿಂಗ್ ಇದೆಯಲ್ಲ. ಮನಸ್ಸಿಲ್ಲ ಅಷ್ಟೇ.

ಮಂಜುಳಾ: ಎಲ್ಲಾ ರಾಜ್ಯದಲ್ಲೂ ಒಂದೇ ಥರ ಇಲ್ಲ ಸ್ವಾಮಿ. ಲ್ಯಾಪ್‌ಟಾಪ್ ಮುಚ್ಚಿ ಎದ್ದು ಹೋಗೋರಿಗೆ ಅದೆಲ್ಲಿ ಗೊತ್ತಾಗುತ್ತೆ? ಇನ್ನೂ ಸಿಟಿಜನ್ ಆಗದ ಬಡವರಿಗೆ ಆ ಕಾಗದದ ಅರ್ಜಿಗೇ 760 ಡಾಲರ್.

ಶ್ರೀಧರ: ಆದಾಯ ಕಡಿಮೆಯಿದ್ದರೆ 380. ಗೊತ್ತಿಲ್ಲದೆ ಮಾತಾಡಬೇಡಿ.

ಮಂಜುಳಾ: ಅದನ್ನ ಅವರಿಗೆ ಯಾರು ಹೇಳಿದ್ರು, ನೀವಾ? ಬಡವರು ವೋಟ್ ಹಾಕೋದು ಕಡಿಮೆ ಅಂತ ಗೊತ್ತಿರೋದಕ್ಕೇ ಅಭ್ಯರ್ಥಿಗಳು ಆ ಕಡೆ ಸುಳಿಯಲ್ಲ. ನಿಮ್ಮ ಬಡಾವಣೆಗಾದ್ರೆ ಎರಡೆರಡು ಸಲ ಬರ್ತಾರೆ.

ಗೀತಾ: ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸ್ಕೂಲ್ ಬೋರ್ಡ್ ಚುನಾವಣೆಗೆ ಪ್ರಜೆಗಳಲ್ಲದ ಪೋಷಕರೂ ಹಾಕಬಹುದು. ಹಾಕಿದ್ರೆ ಮುಂದೆ ತೊಂದರೆಯಾ ಮೇಡಂ?

ಕಿರಣ್: ಗ್ರೀನ್ ಕಾರ್ಡ್ ಬಂದು ಐದು ವರ್ಷ ಆಯ್ತು. ಈಗಾದ್ರೂ ಹಾಕಬಹುದಾ?

ಅನುಪಮಾ: ಇಲ್ಲ ಅಂದೆನಲ್ಲ. ಮೇಲೆ ಓದಿ.

ಸವಿತಾ: ಅಮ್ಮನ್ನ ಈಗ ಕೇಳಿದೆ. ನವೆಂಬರಲ್ಲಿ ಪಕ್ಕದ ಮನೆಯವರ ಕಾರಲ್ಲಿ ಹೋಗಿ

ಅನುಪಮಾ: ಸವಿತಾ, ಇಲ್ಲಿ ಇನ್ನೊಂದಕ್ಷರ ಬರೀಬೇಡಿ. ಫೋನ್ ಮಾಡಿ.